ನನ್ನ ಎಡಗಿವಿಯ ಕೇಸು

ನನ್ನ ಎಡಗಿವಿಯ ತಮಟೆ ಒಡೆದದ್ದು ತೊಕ್ಕೊಟ್ಟಿನ ಹತ್ತಿರ, ಹಾಡಹಗಲು, ವಾಹನ ತಪಾಸಣೆಯ ಹೆಸರಿನಲ್ಲಿ. ಸ್ಕೂಟರ್ ನಿಲ್ಲಿಸಿದ ಪೊಲೀಸಪ್ಪ ಮೊದಲು ಹೆಲ್ಮೆಟ್ ತೆಗೆಸಿದ. "ಲೈಸೆನ್ಸ್ ಮೊಬೈಲಲ್ಲಿ ಉಂಟು ಸರ್, ತೋರಿಸ್ತೇನೆ" ಎಂದು ನಾನು ಕಿಸೆಗೆ ಕೈ ಹಾಕುವಷ್ಟರಲ್ಲಿ ಕಪಾಳಕ್ಕೆ ಬಾರಿಸಿದ. ಹೆಲ್ಮೆಟ್ ಕಡ್ಡಾಯ ಎಂದು ಊರೆಲ್ಲ ಬೋರ್ಡು ಹಾಕಿಸುವವರು ಅದನ್ನು ತೆಗೆಸಿದ್ದು ಯಾಕೆಂದು ಆಗ ತಿಳಿಯಿತು.

ಕಂಕನಾಡಿಯ ಡಾಕ್ಟರು ಟಾರ್ಚು ಹಿಡಿದು ನೋಡಿ, ಇನ್ನು ಈ ಕಿವಿಯನ್ನು ನಂಬಬೇಡಿ ಎಂದರು. ನಾನು ಕೋರ್ಟಿನಲ್ಲಿ ಖಾಸಗಿ ದೂರು ಹಾಕಿದೆ. ಬಂದರಿನಲ್ಲಿ ಒಣಮೆಣಸು ಮಾರುವವನಿಗೆ ಇದೆಂತ ಹುಚ್ಚು ಎಂದು ಅಕ್ಕಪಕ್ಕದ ಗೋಡೌನಿನವರು ನಕ್ಕರು. ವಕೀಲರು ಮಾತ್ರ ನಗದೆ, ಸಾಕ್ಷಿ ಉಂಟಾ ಎಂದು ಕೇಳಿದರು. ಎಲ್ಲಿಂದ ತರಲಿ? ಏಟು ಬಿದ್ದ ಹೊತ್ತಿಗೆ ಸರಿಯಾಗಿ ಎದುರಿನ ಸ್ಟ್ಯಾಂಡಿನ ಆಟೊದವರೆಲ್ಲ ಆಕಾಶ ನೋಡುತ್ತಿದ್ದರು. ಪೊಲೀಸನ ಎದೆಯ ಮೇಲಿರಬೇಕಾದ ಕ್ಯಾಮೆರಾ ಚಾರ್ಜಿಗೆ ಹೋಗಿತ್ತಂತೆ. ಕೋರ್ಟಿಗೆ ಪೊಲೀಸರು ಕೊಟ್ಟ ಉತ್ತರ ಇನ್ನೂ ಸೊಗಸು: ದೂರುದಾರರು ಮೊದಲಿನಿಂದಲೇ ಕಿವುಡರು, ಸೀಟಿ ಊದಿದರೂ ಗಾಡಿ ನಿಲ್ಲಿಸದೆ ಹೋದರು, ಅವರನ್ನು ಯಾರೂ ಮುಟ್ಟಿಲ್ಲ.

"ಒಬ್ಬ ಸಾಕ್ಷಿ ಸಿಕ್ಕಿದ್ರೆ ಕೇಸು ನಿಲ್ತದೆ. ಇಲ್ಲದಿದ್ರೆ ಬಿದ್ದುಹೋಗ್ತದೆ" ಎಂದರು ವಕೀಲರು.

ಅಷ್ಟರಲ್ಲಿ ನನ್ನ ಹೆಂಡತಿಯ ಅಣ್ಣನಿಗೆ ಚಿಂತೆ ಹತ್ತಿತು. ಅವರ ಮಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು, ಅದು ಬರಬೇಕಾದದ್ದು ನನಗೆ ಹೊಡೆದವನ ಠಾಣೆಯಿಂದಲೇ. "ನಿನ್ನ ಕಿವಿ ಹೇಗೂ ಹೋಯ್ತು ಮಾರಾಯ, ನನ್ನ ಮಗನ ವೀಸಾ ಕೂಡ ಹೋಗ್ಬೇಕಾ?" ಎಂದು ಕೇಳಿದರು ಭಾವ.

ರಾಜಿಯ ಏರ್ಪಾಡು ಅವರ ಮನೆಯಲ್ಲೇ ಆಯಿತು. ಹೊಡೆದವನಿಗೆ ಬಿರಿಯಾನಿಯ ದೊಡ್ಡ ತುಂಡು, ಹೊಡೆಸಿಕೊಂಡವನಿಗೆ ಬುದ್ಧಿವಾದ. ಕೈ ತೊಳೆದ ಮೇಲೆ ಆತ ಬಂದು ನನ್ನ ಎಡಗಿವಿಯ ಬಳಿ ಬಾಗಿ ಏನೋ ಅಂದ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಆತ ಬೈಕ್ ಹತ್ತಿ ಹೋಗಿಬಿಟ್ಟ.

"ಹೊಡೆದದ್ದು ತಪ್ಪಾಯ್ತು ಅಂತ ಹೇಳಿದ್ರಲ್ಲ, ಇನ್ನೆಂತ ಬೇಕು ನಿನಗೆ?" ಎಂದರು ಭಾವ.

"ನಿಮಗೆ ಕೇಳಿಸಿತಾ?"

"ಸ್ಪಷ್ಟ ಕೇಳಿಸಿತು. ಇವರಿಗೆಲ್ಲ ಕೇಳಿಸಿತು." ಸುತ್ತ ಕೂತಿದ್ದ ನೆಂಟರೂ ಹೌದೆಂದು ತಲೆಯಾಡಿಸಿದರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಭಾವನ ಎರಡೂ ಕೈ ಹಿಡಿದುಕೊಂಡೆ. "ಹಾಗಾದ್ರೆ ಅದನ್ನೇ ಕೋರ್ಟಲ್ಲಿ ಹೇಳಿ ಭಾವ. ನೀವೊಬ್ಬರು ಹೇಳಿದ್ರೆ ಸಾಕು."

ಒಬ್ಬರು ಚಪ್ಪಲಿ ಹುಡುಕಲು ಎದ್ದರು. ಇನ್ನೊಬ್ಬರಿಗೆ ಫೋನು ಬಂತು, ರಿಂಗಾಗದೆಯೇ. ಭಾವ ಮೆಲ್ಲನೆ ಕೈ ಬಿಡಿಸಿಕೊಂಡರು.

"ಅವರು ಎಂತ ಹೇಳಿದ್ರು ಅಂತ ನನಗೂ ಸರಿ ಕೇಳಿಸ್ಲಿಲ್ಲ ಮಾರಾಯ" ಎಂದರು.

ನಡುರಸ್ತೆಯಲ್ಲಿ ಏಟು ತಿಂದಾಗ ಬಾರದ ಅಳು ನನಗೆ ಆಗ ಬಂತು.