ಕೆಟ್ಟದಾಗಿ ಓದಿದ ನಾಟಕ

ದೆವ್ವ, ಮೈಮೇಲೆ ಬರುವುದು ಅಂತೆಲ್ಲ ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ಬೇರೆ. ಈಗ ನಂಬುತ್ತೇನೆ ಅಂತಲ್ಲ, ನೀವು ನಂಬಬೇಕೆಂದೂ ಇಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ನಾಟಕ ತಂಡ. ಹೊಸದಾಗಿ ಬರೆಯುವವರ ನಾಟಕ ಬಿಟ್ಟು ಬೇರೇನೂ ಆಡುವುದಿಲ್ಲ, ಅದೂ ವರ್ಷಕ್ಕೊಂದೇ. ಆಯ್ಕೆಗೆ ನಮ್ಮದೇ ಪದ್ಧತಿ: ಬರೆದವರ ಹೆಸರು ತೆಗೆದು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಿ ಕೈಯೆತ್ತಬೇಕು. ಕಂಠ ಚೆನ್ನಾಗಿದೆಯೆಂದು ಓದುವ ಕೆಲಸ ನನಗೇ ಬಿದ್ದಿತ್ತು.

ಆ ವರ್ಷ ಕೊನೆಗೆ ಎರಡು ನಾಟಕ ಉಳಿದವು. ಒಂದು ಕುಣಿಗಲ್ಲಿನ ಕಿರಣನದು, ನನ್ನ ಹಳೆಯ ವಿದ್ಯಾರ್ಥಿ. ಹೆಸರು ತೆಗೆದಿದ್ದರೇನು, ಅದರ ಮುಕ್ಕಾಲು ಪಾಲು ತಿದ್ದಿದವನೇ ನಾನು. ಇನ್ನೊಂದು ಯಾರೋ ಬರೆದ ಸೂಲಗಿತ್ತಿ ಅಜ್ಜಿಯ ಕಥೆ. ಮನೆಯಲ್ಲಿ ಓದಿ ನೋಡಿದಾಗಲೇ ಗೊತ್ತಾಗಿಹೋಯಿತು. ಅದೇ ಚೆನ್ನಾಗಿತ್ತು.

ಭಾನುವಾರ ಮಧ್ಯಾಹ್ನ ಸದಾಶಿವನಗರದ ನಮ್ಮ ಮಹಡಿ ಕೋಣೆಯಲ್ಲಿ ಕಿರಣನ ನಾಟಕವನ್ನು ಜೀವ ತುಂಬಿ ಓದಿದೆ. ಅಜ್ಜಿಯ ನಾಟಕವನ್ನು ಬೇಕಂತಲೇ ಹಾಜರಿ ಕೂಗಿದಂತೆ ಓದಿದೆ. ಸೊಸೆ ಹೆರಿಗೆ ನೋವು ತಿನ್ನುವ ದೃಶ್ಯದಲ್ಲಿ 'ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ' ಎಂದು ಬರೆದಿತ್ತು. ಅದನ್ನು ಓದಿ ಹೇಳುವ ಗೋಜಿಗೂ ಹೋಗದೆ ಬಾಟಲಿ ತೆಗೆದು ನೀರು ಕುಡಿದೆ.

ಮುಗಿಸಿ ತಲೆಯೆತ್ತಿದರೆ ನಮ್ಮ ಹಿರಿಯ ನಟಿ ಜಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನ್ ಓದಿದ್ರಿ ಸಾರ್! ಆ ಹಾಡಂತೂ... ಯಾವತ್ತೂ ಹಾಡಿದವ್ರಲ್ಲ ನೀವು.”

“ಯಾವ ಹಾಡು?”

“ಅದೇ, ಸೊಸೆಗೆ ನೋವು ಬಂದಾಗ ಅಜ್ಜಿ ಹಾಡ್ತಾಳಲ್ಲ.”

ತಮಾಷೆ ಎಂದುಕೊಂಡೆ. ಜಯಕ್ಕ ಹಾಡತೊಡಗಿದರು. ಲೈಟಿಂಗ್ ನೋಡಿಕೊಳ್ಳುವ ಮಂಜು ದನಿಗೂಡಿಸಿದ, ಆಮೇಲೆ ಉಳಿದವರೂ. ಎಲ್ಲರದೂ ಒಂದೇ ಧಾಟಿ, ಅವೇ ಪದಗಳು. ನಾನು ಹುಟ್ಟಿದಾಗಿನಿಂದ ಆ ಹಾಡು ಕೇಳಿರಲಿಲ್ಲ. ಹಾಳೆ ತಿರುವಿ ತೋರಿಸಿದೆ, ಹಾಡು ಇರಲಿಲ್ಲ. ಯಾರೂ ಒಪ್ಪಲಿಲ್ಲ. ಎಲ್ಲ ಕೈಗಳೂ ಅಜ್ಜಿಯ ನಾಟಕಕ್ಕೇ ಎದ್ದವು. “ಮೊದಲ್ನೇದಕ್ಕೆ ನೀವು ಮನಸ್ಸೇ ಕೊಡ್ಲಿಲ್ಲ ಬುಡಿ ಸಾರ್,” ಎಂದ ಮಂಜು.

ಬರೆದವಳು ಹಾಗಲವಾಡಿಯ ಭಾಗ್ಯ, ಗುಬ್ಬಿಯಲ್ಲಿ ನರ್ಸ್ ಕೆಲಸ. ಮುಂದಿನ ವಾರ ಬಂದಳು. ಜಯಕ್ಕ ಹಾಡಿದ ಕೂಡಲೇ ಗೋಡೆಗೊರಗಿ ಕೂತುಬಿಟ್ಟಳು.

“ನಮ್ಮಜ್ಜೀದು ಕಣಕ್ಕ ಇದು. ಹೆರಿಗೆ ಮಾಡ್ಸೋವಾಗ ಹಾಡೋಳು. ನನ್ನ ಒಳಕ್ಕೆ ಬಿಡ್ತಿರ್ಲಿಲ್ಲ, ಬಾಗ್ಲಾಚೆ ನಿಂತು ರಾಗ ಒಂದೇ ಕೇಳಿದ್ದು. ಪದ ಕಲಿಯೋಕ್ಮುಂಚೆ ಹೋಗ್ಬಿಟ್ಲು. ಅದ್ಕೇ ನಾಟ್ಕದಲ್ಲಿ ಸುಮ್ನೆ ಕೂರಿಸ್ದೆ. ನಿಮಗ್ಯಾರು ಹೇಳ್ಕೊಟ್ರು?”

ಎಲ್ಲರೂ ನನ್ನತ್ತ ಕೈ ತೋರಿಸಿದರು.

ಸೆಖೆಗೆ ಎಲ್ಲರಿಗೂ ಮಂಪರು ಹತ್ತಿತ್ತು, ಎಲ್ಲೋ ಕೇಳಿ ಮರೆತಿದ್ದರು ಎಂದೆಲ್ಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಯಾವುದೂ ಹೊಂದುವುದಿಲ್ಲ. ಆ ಹಾಡು ಎಲ್ಲಿಂದ ಬಂತು, ನನಗೊಬ್ಬನಿಗೇ ಏಕೆ ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ಕೊರೆಯುವುದು ಇನ್ನೊಂದು. ಭಾಗ್ಯ ಎದ್ದು ಬಂದು, “ನಿಮ್ಮಿಂದ ನಮ್ಮಜ್ಜಿ ನಂಗೆ ಸಿಕ್ಕಿದ್ಲು ಸಾರ್,” ಎಂದು ನನ್ನ ಕಾಲಿಗೆ ಬಗ್ಗಿದಳು. ಆಗಲಾದರೂ ಬಾಯಿ ಬಿಡಬೇಕಿತ್ತು, ಕಾಲನ್ನಾದರೂ ಹಿಂದಕ್ಕೆಳೆದುಕೊಳ್ಳಬೇಕಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ.