ಕುಮಟೆಗೆಲ್ಲ ಜ್ವರ ಹಚ್ಚಿದ ದಿವಾಕರ

ಕುಮಟೆಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ರೋಗಿಗಳ ಹೆಸರು ಬರೆದುಕೊಳ್ಳುವ ದಿವಾಕರ ನಾಯ್ಕರ ಬೆರಳು ಎಷ್ಟು ಚುರುಕೆಂದರೆ, ದೂರದ ತದಡಿಯಲ್ಲಿ ಯಾರಾದರೂ ಸೀನಿದರೆ ಇಲ್ಲಿ ಚೀಟಿ ತಯಾರಾಗಿರುತ್ತಿತ್ತು. ಅದರ ಗುಟ್ಟು ಅವರೊಬ್ಬರಿಗೇ ಗೊತ್ತು. ಕಂಪ್ಯೂಟರಿನಲ್ಲಿ ‘ಕಾಯಿಲೆ’ ಎಂಬಲ್ಲಿ ಇನ್ನೂರು ಹೆಸರುಗಳ ಪಟ್ಟಿಯಿತ್ತು. ಅವರು ಯಾರೇ ಬಂದರೂ ಹೆಚ್ಚಾಗಿ ಮೊದಲಿಗಿದ್ದ ‘ಜ್ವರ’ವನ್ನೇ ಒತ್ತಿ ಮುಂದೆ ಹೋಗುತ್ತಿದ್ದರು.

ಹೋದ ತಿಂಗಳು ಡಾಕ್ಟರ್ ವೀಣಾ ಅನುಮತಿ ಪತ್ರ ಹಿಡಿದು ಬಂದರು. ಸಂಶೋಧನೆಗೆ ನಲವತ್ತು ಸಕ್ಕರೆ ಕಾಯಿಲೆಯವರು ಬೇಕು, ಸಿಗದಿದ್ದರೆ ಬೇರೆ ಊರು ನೋಡುತ್ತೇನೆ ಎಂದರು. ಕಂಪ್ಯೂಟರು ಹುಡುಕಿ ಮೂವರನ್ನು ಕೊಟ್ಟಿತು.

“ಇದೆಂತ ದಿವಾಕರಣ್ಣ, ಬಾಣಂತಿಗೂ ಜ್ವರ, ಕಾಲು ಮುರಿದವರಿಗೂ ಜ್ವರ?” ಎಂದು ವೀಣಾ ಉಳಿದವರ ಪಟ್ಟಿ ನೋಡಿ ಕೇಳಿದರು.

ದಿವಾಕರರ ಬೆವರಿಗೆ ಅಘನಾಶಿನಿ ಹೊಳೆಯಲ್ಲಿ ನೆರೆ ಬರುವುದೊಂದು ಬಾಕಿ. ತಪ್ಪನ್ನು ಯಂತ್ರದ ಮೇಲೆ ಹಾಕಿದರೆ ಮರ್ಯಾದೆ ಉಳಿಯುತ್ತದೆ, ಆದರೆ ಸಂಶೋಧನೆ ಊರು ಬಿಡುತ್ತದೆ.

“ಅದು ನಂದೇ ಕೆಲ್ಸ ಮೇಡಂ,” ಎಂದರು ಕೊನೆಗೆ. “ಕಾಯಿಲೆ ಹೆಸ್ರು ಬಿಡಿ. ಯಾರು ಎಂತ ಗುಳಿಗೆ ಒಯ್ದರು ಅಂತ ನೋಡಿ. ಔಷಧಿ ಕೊಡೂ ಉಮಕ್ಕ, ದೇವರೇ ಬಂದ್ರೂ ಬರ್ಕೊಳ್ದೆ ಒಂದು ಗುಳಿಗೆ ಕೊಡೂದಿಲ್ಲ. ರಕ್ತ ಪರೀಕ್ಷೆದೂ ಹಂಗೇ.”

ಹಾಗೆ ಹುಡುಕಿದರೆ ನಾನೂರ ಹನ್ನೆರಡು ಜನ ಸಿಕ್ಕರು.

“ಆತು, ನಾ ಇಲ್ಲೇ ಉಳೀತೆ,” ಎಂದು ವೀಣಾ ನಕ್ಕರು. “ಇನ್ನಾದ್ರೂ ಬಂದವರನ್ನ ಕೇಳಿ ಬರೀರಿ.”

ಈಗ ದಿವಾಕರರು ಕೇಳಿಯೇ ಬರೆಯುತ್ತಾರೆ. ಮೊನ್ನೆ ಸಣ್ಣಮ್ಮಜ್ಜಿ ತನ್ನ ಮೊಣಕಾಲು ನೋವಿನ ಕತೆಯನ್ನು ಮದುವೆಯ ದಿಬ್ಬಣದಿಂದ ಶುರುಮಾಡಿದಳು. ಕತೆಯಲ್ಲಿ ಅವಳಿಗೆ ಮೊದಲ ಮಗು ಹುಟ್ಟುವಷ್ಟರಲ್ಲಿ ಹಿಂದೆ ಕಾಯುತ್ತಿದ್ದವರ ಸಾಲು ಹೊನ್ನಾವರ ದಾಟಿ ಮಂಕಿ ಮುಟ್ಟಿತ್ತು.