ಅಂಬಾಝರಿಯ ಹತ್ತೊಂಬತ್ತು ಕಡಲಹಕ್ಕಿಗಳು

೧೯೫೭ ಜನವರಿ ೧೩, ಭಾನುವಾರ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಬರೆಯಲು ಕೂತೆ. ನಾಳೆ ಸಂಕ್ರಾಂತಿ. ಎಳ್ಳು ಕೊಡಲು ಬರುವವರೆಲ್ಲ ನಮ್ಮ ನಡುಮನೆಯ ಗೋಡೆಯ ಮೇಲಿನ ಫೋಟೋ ನೋಡುತ್ತಾರೆ, ನೋಡಿ ತಪ್ಪು ತಿಳಿಯುತ್ತಾರೆ. ಅವರು ಬರುವ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ನಮ್ಮ ಊರು ಧಾರವಾಡದ ಕಡೆ, ಆದರೆ ನನಗೆ ತಿಳಿವಳಿಕೆ ಬಂದದ್ದು ನಾಗಪುರದ ಕ್ವಾರ್ಟರ್ಸಿನಲ್ಲೇ. ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಂಬಾಝರಿ ಕೆರೆಗೆ ಹೋಗುತ್ತಾರೆ. ಅವರು ಕಟ್ಟೆಯ ಮೇಲೆ ಅಡ್ಡಾಡಿ ಬರುವಷ್ಟರಲ್ಲಿ ನಾನು ಹಕ್ಕಿಗಳನ್ನು ಎಣಿಸಿ ಮುಗಿಸಿರುತ್ತೇನೆ. ಬೆಳ್ಳಕ್ಕಿ, ನೀರುಕಾಗೆ, ಬಾತು, ಎಲ್ಲದರ ಲೆಕ್ಕವೂ ಡೈರಿಯಲ್ಲಿದೆ. ಹೋದ ಡಿಸೆಂಬರ್ ಎರಡರಂದು ನಾನು ಎಂದೂ ಕಾಣದ ನಾಲ್ಕು ಹಕ್ಕಿಗಳು ನೀರಿನ ಮೇಲೆ ಕೂತಿದ್ದವು. ಬಿಳಿಯ ಮೈ, ಬೂದು ಬೆನ್ನು, ಕೆಂಪು ಕೊಕ್ಕು, ಕೆಂಪು ಕಾಲು, ಕಣ್ಣಿನ ಹಿಂದೆ ಕಾಡಿಗೆ ಒರೆಸಿಕೊಂಡಂತೆ ಒಂದು ಕಪ್ಪು ಗುರುತು. ಹೆಸರು ಗೊತ್ತಿರಲಿಲ್ಲ. ‘ಕೆಂಪುಗಾಲಿನ ಬಿಳಿಹಕ್ಕಿ’ ಎಂದು ಬರೆದುಕೊಂಡೆ. ಒಂಬತ್ತನೇ ತಾರೀಖಿಗೆ ಹನ್ನೊಂದು, ಹದಿನಾರಕ್ಕೆ ಏಳು. ಮೂರು ಭಾನುವಾರ ಅವು ನನ್ನವೇ ಆಗಿದ್ದವು. ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತಕ್ಕೆ ಕಾರವಾರದಿಂದ ಕಾಕಾ, ಕಾಕು, ಅವರ ಮಗಳು ರಜೆಗೆ ಬಂದರು. ಕಾಕಾ ಬಂದರಿನ ಕಚೇರಿಯಲ್ಲಿದ್ದಾರೆ. ಮಗಳು ನನಗಿಂತ ನಾಲ್ಕೇ ತಿಂಗಳು ದೊಡ್ಡವಳು, ಆದರೂ ಅಕ್ಕ ಎನ್ನಬೇಕು. ಅವಳ ಕೊರಳಲ್ಲಿ ಡಬ್ಬಿ ಕ್ಯಾಮೆರಾ ತೂಗುತ್ತಿತ್ತು. ಒಂದು ರೀಲಿಗೆ ಎಂಟು ಚಿತ್ರ. ಸ್ಟೇಶನ್ನಿನಲ್ಲಿ ಇಳಿದವಳೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ತೆಗೆದಳು. ಅವಳು ಸಮುದ್ರದ ಪಕ್ಕದಲ್ಲೇ ಬೆಳೆದವಳು, ನಾನು ಸಮುದ್ರ ಕಂಡೇ ಇಲ್ಲ. ಅವ್ವ “ಅಕ್ಕನ್ನ ನೋಡಿ ಕಲಿ” ಎಂದಾಗಲೆಲ್ಲ ನಾನು ಹೊರಗೆ ಹೋಗಿ ನಲ್ಲಿಯಲ್ಲಿ ನೀರು ಬಂದಿದೆಯೇ ಎಂದು ನೋಡುತ್ತಿದ್ದೆ.

ಇಪ್ಪತ್ತಮೂರರ ಭಾನುವಾರ ಟಾಂಗಾ ಮಾಡಿಕೊಂಡು ಎಲ್ಲರೂ ಕೆರೆಗೆ ಹೋದೆವು. ರೀಲಿನಲ್ಲಿ ಎರಡು ಚಿತ್ರ ಉಳಿದಿದ್ದವು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದಕ್ಕೆ ಕಟ್ಟು ಹಾಕಿಸಿ ಗಡಿಯಾರದ ಪಕ್ಕ ತೂಗುಹಾಕುತ್ತೇನೆ ಎಂದು ಅಪ್ಪ ಹೇಳಿದ್ದರು. ನನಗೆ ಆ ಜಾಗ ಬೇಕಾಗಿತ್ತು. ನೀರಿನತ್ತ ಬೆರಳು ಮಾಡಿ, ನನ್ನ ಹೊಸ ಹಕ್ಕಿಯ ವಿಷಯ ಹೇಳಲು ಬಾಯಿ ತೆರೆದೆ.

“ಅಯ್ಯ, ಇದೇನ ದೊಡ್ಡ ಸುದ್ದಿ!” ಎಂದಳು ಅಕ್ಕ. “ಕಡಲಹಕ್ಕಿ ಇವು. ನಮ್ಮಲ್ಲೆ ಮೀನಿನ ದೋಣಿ ಹಿಂದ ಹಿಂಡಗಟ್ಲೆ ಬರ್ತಾವ. ಯಾರೂ ತಲಿ ಎತ್ತಿ ಸುದ್ದಾ ನೋಡೂದಿಲ್ಲ.”

“ಕಡಲಹಕ್ಕಿ ನಾಗಪುರಕ್ಕ ಯಾಕ ಬರ್ತಾವ?”

“ನಮ್ಮಂಗ ರಜಾಕ್ಕ ಬಂದಿರಬೇಕು.”

ಎಲ್ಲರೂ ನಕ್ಕರು, ಅಪ್ಪ ಎಲ್ಲರಿಗಿಂತ ಜೋರಾಗಿ. ಮೂರು ವಾರ ನಾನು ಹೆಸರಿಲ್ಲದೆ ಕಾಪಾಡಿಕೊಂಡ ಹಕ್ಕಿಗೆ ಅವಳು ಒಂದೇ ಉಸಿರಿನಲ್ಲಿ ಹೆಸರು ಕೊಟ್ಟಿದ್ದಳು.

ಉಳಿದ ಎರಡೂ ತನಗೇ ಎನ್ನುವಂತೆ ಅಕ್ಕ ಕ್ಯಾಮೆರಾ ತಿರುಗಿಸತೊಡಗಿದಾಗ ಕಾಕು ತಡೆದರು. “ಒಂದು ಆಕಿ ತಗೀಲಿ. ನಿನಗೇನ ಹೋಗ್ತೈತಿ?” ಅಕ್ಕ ಒಂದು ಹಿಡಿ ಚುರುಮುರಿ ಎಸೆದಳು, ತಲೆಯ ಮೇಲೆ ಬಂದ ಒಂದು ಹಕ್ಕಿಗೆ ಗುರಿ ಹಿಡಿದು ಚಟ್ಟನೆ ಒತ್ತಿದಳು. ಕಾಯಲಿಲ್ಲ, ಎಣಿಸಲಿಲ್ಲ.

“ಆತು. ಈಗ ನೀ ತಗಿ. ಹೊಟ್ಟಿಗೆ ಆನಿಸಿ ಹಿಡಿ, ಉಸಿರು ಬಿಡಬ್ಯಾಡ.”

ನನಗೆ ಎಲ್ಲ ಹಕ್ಕಿಗಳೂ ಬೇಕು, ಕೆಳಗೆ ಕಟ್ಟೆಯ ಕಲ್ಲಿನ ಗೋಡೆಯೂ ಬೇಕು. ಆಗ ಇದು ಅಂಬಾಝರಿ ಅಲ್ಲ ಎಂದು ಯಾರೂ ಹೇಳುವಂತಿಲ್ಲ. ಕಾದೆ. ಕಾಕಾ ಬುತ್ತಿಯ ಗಂಟು ಬಿಚ್ಚಿದರು. “ಅವನ್ನೆಲ್ಲಾ ಪಂಗ್ತಿಗೆ ಕೂಡ್ರಸ್ತೀ ಏನವಾ? ಜಲ್ದಿ ಮುಗಸು, ಹಸಿವಿ ಆಗೈತಿ.” ಅಷ್ಟರಲ್ಲಿ ಎಮ್ಮೆಯೊಂದು ನೀರಿಗಿಳಿಯಿತು. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು, ಒಂದು ಮಾತ್ರ ಕೂತಲ್ಲೇ ಕೂತಿತ್ತು. ಹತ್ತೊಂಬತ್ತು ಎಂದು ಎಣಿಸಿ ಒತ್ತಿದೆ. ಆಗ ಒಂಬತ್ತೂ ನಲವತ್ತು.

ಮಹಾಲ್ ಪೇಟೆಯ ಗಲ್ಲಿಯೊಂದರಲ್ಲಿರುವ ಸ್ಟುಡಿಯೋದಿಂದ ಫೋಟೋ ತರಲು ಮೂವತ್ತೊಂದನೇ ತಾರೀಖು ಅಕ್ಕನೂ ನಾನೂ ಹೋದೆವು. ಅದರ ಮಾಲೀಕರು ವಯಸ್ಸಾದವರು, ಮದುವೆ ಫೋಟೋದಲ್ಲಿ ಮದುಮಗಳ ಮುಖದ ಸಿಡುಬಿನ ಕಲೆ ತೆಗೆಯುವುದರಲ್ಲಿ ಹೆಸರಾದವರು. ಮೊದಲು ಅಕ್ಕನ ಫೋಟೋ ಕೊಟ್ಟರು. ಚಿತ್ರದ ತುಂಬ ಒಂದೇ ಹಕ್ಕಿ, ಎರಡೂ ರೆಕ್ಕೆ ಬಿಚ್ಚಿತ್ತು, ಗರಿ ಗರಿ ಕಾಣುತ್ತಿತ್ತು. ಆಮೇಲೆ ನನ್ನದು. ಗೋಡೆ ಇತ್ತು, ನೀರಿತ್ತು. ಮೇಲೆ ಈಗಷ್ಟೇ ಒಗೆದು ಹರವಿದ ಹಾಗೆ ಬರಿಯ ಆಕಾಶ.

“ಪಂಛೀ ಕಹಾಂ ಗಯೇ?” ಹಕ್ಕಿಗಳೆಲ್ಲಿ ಹೋದವು ಎಂದು ಕೇಳಿದೆ.

ಅವರು ಕನ್ನಡಕ ಏರಿಸಿಕೊಂಡರು. “ಕೈಸೇ ಪಂಛೀ? ಇಸ್‌ಮೇಂ ತೋ ದಾಗ್ ಹೀ ದಾಗ್ ಥೇ, ಬೇಟಿ. ಏಕ್ ಏಕ್ ಕರ್‌ಕೇ ಸಾಫ್ ಕಿಯಾ. ಉಸ್‌ಕಾ ಪೈಸಾ ನಹೀಂ ಲೂಂಗಾ.”

ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪಾಗಿ ಕಾಣುತ್ತದೆ. ಅಷ್ಟು ದೂರದ ನನ್ನ ಹಕ್ಕಿಗಳು ಅವರ ಕಣ್ಣಿಗೆ ಕಲೆಗಳಾಗಿದ್ದವು. ಸಣ್ಣ ಚಾಕುವಿನಿಂದ ನೆಗೆಟಿವ್‌ನ ಮೇಲೆಯೇ ಒಂದೊಂದಾಗಿ ಕೆರೆದು ತೆಗೆದಿದ್ದರು, ಅದಕ್ಕೆ ದುಡ್ಡೂ ಬೇಡವಂತೆ. ಮತ್ತೆ ಎಷ್ಟು ಪ್ರತಿ ಹಾಕಿಸಿದರೂ ಬರುವುದು ಅದೇ ಆಕಾಶ. ವಿಷಯ ತಿಳಿದಾಗ ಪಾಪ, ಅವರು ಕೆನ್ನೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟರು. ಕೆಳಗೆ ನೀರಿನ ಮೇಲೆ ಒಂದು ಬಿಳಿ ಚುಕ್ಕೆ ಮಾತ್ರ ಉಳಿದಿತ್ತು. ಇದನ್ನೇಕೆ ಬಿಟ್ಟಿರಿ ಎಂದು ಕೇಳಿದೆ.

“ಯೇ ತೋ ಕಮಲ್ ಹೈ ನಾ?”

ಅಕ್ಕ ನಕ್ಕೂ ನಕ್ಕೂ ಸ್ಟುಡಿಯೋದ ಬೆಂಚಿನ ಮೇಲೆ ಕುಸಿದಳು. “ಹದಿನೆಂಟು ಹಾರಿ ಹೋದ್ವು, ಒಂದು ಹೂವಾಗಿ ಕೂತೈತಿ!” ದಾರಿಯಲ್ಲಿ ನನಗೆ ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿ ಕೊಡಿಸಿದಳು. ತಿಂದೆ. “ನನ್ನ ಫೋಟೋ ನೀನ ಇಟ್ಕೋ. ನಮ್ಮೂರಾಗ ಇಂಥಾವ ದಿನಾ ಸಿಗ್ತಾವ” ಎಂದಳು. ಅವಳು ಜಗಳವಾಡಿದ್ದರೆ ಒಳ್ಳೆಯದಿತ್ತು. ದಿನಾ ಸಿಗುವುದನ್ನು ಹೀಗೆ ಸುಲಭವಾಗಿ ಕೊಟ್ಟುಬಿಡುವವರ ಮುಂದೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಜನವರಿ ಎರಡಕ್ಕೆ ಅವರು ಹೊರಟರು. ಅಪ್ಪ ಅಕ್ಕನ ಹಕ್ಕಿಗೆ ಕಟ್ಟು ಹಾಕಿಸಿ ಗಡಿಯಾರದ ಪಕ್ಕ ತೂಗುಹಾಕಿದರು. ಆರನೇ ತಾರೀಖು ಪಕ್ಕದ ಸಾಲಿನ ಹುಬ್ಬಳ್ಳಿ ಅಜ್ಜಿ ಬಂದವರು ಅದರ ಮುಂದೆ ನಿಂತರು.

“ಕಾರವಾರಕ್ಕ ಹೋಗಿದ್ರೇನ? ಸಮುದ್ರ ಎಷ್ಟು ಚಂದ ಬಂದೈತಿ!”

ಚಿತ್ರದಲ್ಲಿ ಒಂದು ಹನಿ ನೀರೂ ಇಲ್ಲ. “ಕಾರವಾರ ಅಲ್ಲ ಅಜ್ಜಿ, ಅಂಬಾಝರಿ” ಎಂದೆ.

“ಮುದುಕಿ ಅಂತ ಚಾಷ್ಟಿ ಮಾಡ್ತೀ ಏನ? ತಗದಾಕಿ ಕಾರವಾರದಾಕಿ, ಹಕ್ಕಿ ಕಡಲಿಂದು, ಊರು ಮಾತ್ರ ನಾಗಪುರ?”

ಓಡಿಹೋಗಿ ನನ್ನ ಫೋಟೋ ತಂದು ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿ ಹೇಳಿದರು, “ಅಂಬಾಝರಿ ಬರೋಬರ್ ಬಂದೈತಿ. ಕಮಲಾನೂ ಛಲೋ ಐತಿ.”

ಹಕ್ಕಿ ಇರುವ ಫೋಟೋದಲ್ಲಿ ನಾಗಪುರ ಇಲ್ಲ, ನಾಗಪುರ ಇರುವುದರಲ್ಲಿ ಹಕ್ಕಿ ಇಲ್ಲ. ಮನೆಗೆ ಬಂದವರ ಮುಂದೆಲ್ಲ ಈಗ ನಾನು ಅಕ್ಕನ ಫೋಟೋದ ಪರವಾಗಿಯೇ ವಾದಿಸಬೇಕಾಗಿದೆ. ಗೊತ್ತಾದರೆ ಅವಳು ಕಾರವಾರದಲ್ಲೂ ಒಂದು ಬೆಂಚು ಹುಡುಕಿ ಕೂತು ನಗುತ್ತಾಳೆ.

ಇವತ್ತು ಬೆಳಿಗ್ಗೆ ಕೆರೆಗೆ ಹೋಗಿದ್ದೆವು. ಬೆಳ್ಳಕ್ಕಿ ಒಂಬತ್ತು, ನೀರುಕಾಗೆ ಇಪ್ಪತ್ತಾರು, ಕಡಲಹಕ್ಕಿ ಸೊನ್ನೆ.

ಈ ಚಳಿಗಾಲದಲ್ಲಿ ಅಂಬಾಝರಿಯಲ್ಲಾಗಲಿ, ಸಮುದ್ರದಿಂದ ದೂರವಿರುವ ಬೇರೆ ಯಾವ ಕೆರೆಯಲ್ಲಾಗಲಿ ಕಣ್ಣಿನ ಹಿಂದೆ ಕಪ್ಪು ಗುರುತಿನ, ಕೆಂಪುಗಾಲಿನ ಈ ಹಕ್ಕಿಗಳನ್ನು ಇದನ್ನು ಓದುವವರಲ್ಲಿ ಯಾರಾದರೂ ಕಂಡಿದ್ದರೆ ತಾರೀಖು, ಹೊತ್ತು, ಎಷ್ಟಿದ್ದವು ಎಂಬುದನ್ನು ನನಗೆ ಬರೆದು ತಿಳಿಸಬೇಕು. ಹಿಂದೆ ಗೋಡೆಯೋ ಮರವೋ ಕಾಣುವ ಫೋಟೋ ಇದ್ದರೆ ಕಳಿಸಿ, ಕಲೆ ಎಷ್ಟಿದ್ದರೂ ತೆಗೆಸಬೇಡಿ. ಕಾರವಾರದವರು ಬರೆಯದಿದ್ದರೂ ನಡೆದೀತು.